ಚಾರ್ಮಾಡಿ ಡೌನ್

ಊರಿನ ಹೆಸರಿಟ್ಟದ್ದೇ ತಪ್ಪಾಯಿತು. ಬೇರೆಯವರು ತಮ್ಮ ಸರ್ವರ್‌ಗಳಿಗೆ ಒಂದು, ಎರಡು ಎಂದು ನಂಬರು ಕೊಡುತ್ತಾರೆ. ಮೂಡುಬಿದಿರೆಯ ಸುದ್ದಿ ವೆಬ್‌ಸೈಟೊಂದರ ತಾಂತ್ರಿಕ ಕೆಲಸ ನೋಡಿಕೊಳ್ಳುವ ಜಿತೇಶನಿಗೆ ಊರ ಅಭಿಮಾನ ಸ್ವಲ್ಪ ಜಾಸ್ತಿ. ಎಲ್ಲೋ ದೂರದ ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಎರಡು ಸರ್ವರ್‌ಗಳಿಗೆ ಅವನು ಚಾರ್ಮಾಡಿ, ಮೂಡುಬಿದಿರೆ ಎಂದೇ ನಾಮಕರಣ ಮಾಡಿದ್ದ.

ಆ ದಿನ ರಜೆ ಹಾಕಿ ಮುಂಡಾಜೆಯ ಮನೆಯಲ್ಲಿದ್ದ. ಮೂಡಿಗೆರೆಯ ಸುಬ್ಬಯ್ಯನವರು ಮಗಳು ತೃಪ್ತಿಯನ್ನೂ ಕರೆದುಕೊಂಡು, ಚಾರ್ಮಾಡಿ ಘಾಟಿ ಇಳಿದು, ಹುಡುಗನ ಮನೆ ನೋಡಲು ಬರುವವರಿದ್ದರು. ತೃಪ್ತಿಯೊಡನೆ ಫೋನಿನಲ್ಲಿ ಎರಡೇ ಸಲ ಮಾತಾಡಿ ಜಿತೇಶ್ ಆಗಲೇ ಮನಸ್ಸು ಕೊಟ್ಟಾಗಿತ್ತು. ಇದಕ್ಕೆ ಮೊದಲು ಮೂರು ಸಂಬಂಧ ತಪ್ಪಿಹೋಗಿತ್ತು. ಹುಡುಗನಿಗೆ ಮೋಡದಲ್ಲಿ ಏನೋ ಕೆಲಸವಂತೆ ಎಂದು ಕೇಳಿದವರು ಮತ್ತೆ ಫೋನೇ ಎತ್ತಿರಲಿಲ್ಲ. ಈ ಸಲವಾದರೂ ಕೂಡಿಬರಲಿ ಎಂದು ತಾಯಿ ನೀಲಾವತಿ ಬೆಳಗ್ಗಿನಿಂದ ಬಾಳೆಹಣ್ಣಿನ ಹಲ್ವ ಮಗುಚುತ್ತಿದ್ದರು.

ಹತ್ತು ಗಂಟೆಗೆ ಹತ್ತನೇ ತರಗತಿಯ ಫಲಿತಾಂಶ ಬಂತು. ಮೂರು ತಾಲೂಕಿನ ಜನ ಒಟ್ಟಿಗೆ ವೆಬ್‌ಸೈಟಿಗೆ ನುಗ್ಗಿದರು. ಮನೆಯಲ್ಲಿ ರೇಂಜ್ ಸಿಗದ ಕಾರಣ ಜಿತೇಶ್ ಇಸ್ತ್ರಿ ಮಾಡಿದ ಅಂಗಿಯಲ್ಲೇ ಲ್ಯಾಪ್‌ಟಾಪ್ ಹಿಡಿದುಕೊಂಡು ರಸ್ತೆ ಬದಿಯ ಚನಿಯಪ್ಪನ ಹೋಟೆಲಿಗೆ ಓಡಿದ. ನೋಡುತ್ತಾನೆ, ಚಾರ್ಮಾಡಿ ಸರ್ವರ್ ಮಲಗಿಬಿಟ್ಟಿದೆ. ಆಫೀಸಿನಲ್ಲಿದ್ದ ಸಹೋದ್ಯೋಗಿ ವಿಸ್ಮಿತಾಳಿಗೆ ಫೋನ್ ಮಾಡಿದ. ಹೋಟೆಲಿನಲ್ಲೂ ರೇಂಜ್ ಕಡಿಮೆ, ಹಾಗಾಗಿ ಗಂಟಲು ಜೋರು.

“ಚಾರ್ಮಾಡಿ ಡೌನ್ ಆಗಿದೆ. ಇಡೀ ಟ್ರಾಫಿಕ್ ಮೂಡುಬಿದಿರೆಗೆ ತಿರುಗಿಸುವ. ನಾನು ಹೇಳುವವರೆಗೆ ಚಾರ್ಮಾಡಿಗೆ ಒಂದನ್ನೂ ಬಿಡ್ಬೇಡ.”

ಚಹಾ ಸೋಸುತ್ತಿದ್ದ ಚನಿಯಪ್ಪ ಕಿವಿ ನೆಟ್ಟಗೆ ಮಾಡಿದ. ಮಹಾ ಪರೋಪಕಾರಿ ಮನುಷ್ಯ. ಘಾಟಿಯಲ್ಲಿ ಪಾಪ ಎಷ್ಟು ಗಾಡಿ ಸಿಕ್ಕಿಬೀಳುತ್ತವೋ ಎಂದು ಮರುಗಿ, ತಾನಿದ್ದ ನಾಲ್ಕು ವಾಟ್ಸ್‌ಆಪ್ ಗುಂಪುಗಳಿಗೂ ಸುದ್ದಿ ಹಾಕಿದ. ಕಂಪ್ಯೂಟರಿನಲ್ಲಿ ನೋಡಿ ಹೇಳಿದ ಮಾತು ಸುಳ್ಳಾಗಲು ಉಂಟೇ? ಒಂದು ಗುಂಪಿನಲ್ಲಿ ಜಿತೇಶನ ವೆಬ್‌ಸೈಟಿನ ವರದಿಗಾರ ಧನರಾಜ್ ಇದ್ದ. ಅವನು ಚನಿಯಪ್ಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, ‘ಚಾರ್ಮಾಡಿ ಘಾಟಿ ಬಂದ್’ ಎಂದು ದಪ್ಪಕ್ಷರದಲ್ಲಿ ವೆಬ್‌ಸೈಟಿಗೇ ಏರಿಸಿದ.

ಜಿತೇಶ್ ಅದನ್ನು ನೋಡಲಿಲ್ಲ. ಅವನ ಕಣ್ಣಿದ್ದದ್ದು ಅಂಕಿಗಳ ಮೇಲೆ. ಫಲಿತಾಂಶ ನೋಡುವವರ ಜತೆಗೆ ಘಾಟಿಯ ಸುದ್ದಿ ನೋಡುವವರೂ ಸೇರಿ ಜನ ಇಮ್ಮಡಿಯಾಗಿದ್ದರು. ಇಲ್ಲಿ ನಾನು ಅವನನ್ನು ಹೊಗಳದೆ ಇರಲಾರೆ. ಬೇರೆಯವನಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದ. ಇವನು ಮೂರೇ ನಿಮಿಷದಲ್ಲಿ ಇನ್ನೆರಡು ಸರ್ವರ್‌ಗಳನ್ನು ಎಬ್ಬಿಸಿದ. ಡೇಟಾಬೇಸ್‌ನ ನಕಲೊಂದನ್ನು ಇನ್ನೊಂದು ಕಂಪನಿಯ ಕ್ಲೌಡ್‌ನಲ್ಲಿ ನಿಲ್ಲಿಸಿ, ಬರೀ ಓದಲು ಬಂದವರನ್ನೆಲ್ಲ ಅತ್ತ ಕಳಿಸಿದ. ಸುದ್ದಿ, ಫೋಟೊಗಳ ಪ್ರತಿಗಳನ್ನು ಊರೂರಿನ ಸರ್ವರ್‌ಗಳಿಗೆ ಹಂಚಿಟ್ಟ. ಅಕ್ಕಿಗೆ ಎಲ್ಲರೂ ಮಿಲ್ಲಿಗೇ ಬರುವ ಬದಲು ಪಕ್ಕದ ಅಂಗಡಿಯಲ್ಲಿ ಕೊಂಡ ಹಾಗೆ. ಪುಟಗಳು ಕಣ್ಣು ಮಿಟುಕಿಸುವುದರೊಳಗೆ ತೆರೆಯತೊಡಗಿದವು. ಚಹಾ ಆರಿ ತಣ್ಣಗಾಗಿತ್ತು, ಅದನ್ನೇ ಗಟಗಟ ಕುಡಿದು ಖುಷಿಯಲ್ಲಿ ಮನೆಗೆ ಬಂದ. ಭಲೇ ಎನ್ನಬೇಕು.

ಹನ್ನೆರಡಾಯಿತು, ಒಂದಾಯಿತು. ನೀಲಾವತಿ ಮೂರು ಸಲ ಗೇಟಿನವರೆಗೆ ಹೋಗಿ ಬಂದರು. ಎರಡು ಗಂಟೆಗೆ ಮನೆಯ ಲ್ಯಾಂಡ್‌ಲೈನ್ ಬಡಿದುಕೊಂಡಿತು. ಸುಬ್ಬಯ್ಯನವರು.

“ನಾವು ಘಾಟಿಯ ಮೇಲೆ ಕೊಟ್ಟಿಗೆಹಾರದವರೆಗೆ ಬಂದಿದ್ದೆವು. ಘಾಟಿ ಬಂದ್ ಅಂದ್ರು, ನಾನು ನಂಬ್ಲಿಲ್ಲ. ನಿಮ್ಮ ಮೊಬೈಲಿಗೆ ಫೋನ್ ಮಾಡಿದ್ರೆ ಎಂಗೇಜ್. ಕಡೆಗೆ ನಿಮ್ಮದೇ ವೆಬ್‌ಸೈಟ್ ನೋಡಿದೆ. ಒಂದೇ ಗೆರೆ ನೆಟ್‌ವರ್ಕ್ ಇದ್ದದ್ದು, ಆದ್ರೂ ತಟ್ಟನೆ ತೆರೆಯಿತು ಮಾರಾಯ್ರೆ. ನಿಮ್ಮ ಕೆಲಸ ಎಂಥದ್ದೂಂತ ನನಗೆ ಇವತ್ತು ಅರ್ಥ ಆಯ್ತು.”

ಜಿತೇಶನ ಎದೆ ಉಬ್ಬಿದ್ದು ಅರೆಕ್ಷಣ ಮಾತ್ರ. ಹೋಟೆಲಿನಲ್ಲಿ ತಾನೇ ಕೂಗಿದ ‘ಚಾರ್ಮಾಡಿ ಡೌನ್’ ನೆನಪಾಯಿತು. ಘಾಟಿಗೆ ಏನೂ ಆಗಿಲ್ಲ, ನಾಳೆಯಾದರೂ ಬನ್ನಿ ಎಂದು ಗೋಗರೆದ.

“ನಾಳೆ ಎಂತಕ್ಕೆ? ಹೊರಟದ್ದು ದಂಡ ಆಗುವುದು ಬೇಡಾಂತ ಸಕಲೇಶಪುರದಲ್ಲಿ ಇನ್ನೊಬ್ಬ ಹುಡುಗನನ್ನು ನೋಡಿದೆವು. ತೃಪ್ತಿಗೂ ಒಪ್ಪಿಗೆ ಆಯ್ತು, ಹೂ ಮುಡಿಸಿಯೇ ಬಿಟ್ರು. ಈಗ ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಹೂ ಮುಡಿಸಿದ ಫೋಟೊ ಕಳಿಸ್ತೇನೆ, ನಿಮ್ಮ ವೆಬ್‌ಸೈಟಿನಲ್ಲಿ ಹಾಕ್ತೀರಾ? ನನ್ನ ತಮ್ಮ ದುಬೈಯಲ್ಲಿದ್ದಾನೆ, ಅವನಿಗೂ ಬೇಗ ಕಾಣ್ಬೇಕು.”

ಜಿತೇಶ್ ಹಾಕಿದ. ದುಬೈಯಲ್ಲಿ ಅದು ಅರ್ಧ ಸೆಕೆಂಡಿಗೆ ತೆರೆಯಿತು.