ಚೌರಮ್ಮನ ಲತೀನು

ಆ ದಿನದ ರಂಪಕ್ಕೆಲ್ಲ ಕಾರಣ ಮೂರೇ ಮೂರು ಲ್ಯಾಟಿನ್ ಪದ, ಕೇರಿಯವರ ಬಾಯಲ್ಲಿ ಲತೀನು: ಓರಾ ಪ್ರೋ ನೋಬಿಸ್.

ತೊಂಬತ್ಮೂರನೇ ಇಸವಿಯ ದೇವಮಾತೆಯ ಹಬ್ಬ. ಅರಕೆರೆ ರಸ್ತೆಯ ಪುಟ್ಟ ಕ್ರೈಸ್ತರ ಕೇರಿಗೆ ಹೊಸದಾಗಿ ಬಂದಿದ್ದ ಪಾದ್ರಿ ಸ್ವಾಮಿಗಳು ಬೆಳಿಗ್ಗೆಯೇ ಉಪದೇಶಿ ಇನ್ನಾಸಪ್ಪನನ್ನು ಕರೆಸಿದರು. "ಪೂಜೆ ಕನ್ನಡಕ್ಕೆ ಬಂದು ಎಷ್ಟೋ ವರ್ಷ ಆಯ್ತು. ನಿಮ್ಮ ಹೆಂಗಸರು ಇನ್ನೂ ಲತೀನಲ್ಲೇ 'ಓರಾ ಪ್ರೋ ನೋಬಿಸ್' ಅಂತ ಗುನುಗ್ತಾರೆ. ಸಾಯಂಕಾಲ ಮೈಸೂರಿಂದ ಹಿರಿಯ ಗುರುಗಳು ಬರ್ತಾರೆ. ಅದನ್ನೇ ಕನ್ನಡದಲ್ಲಿ 'ನಮಗಾಗಿ ಪ್ರಾರ್ಥಿಸಿರಿ' ಅಂತ ಹೇಳಿಸಿ. ಆಗ್ದಿದ್ರೆ ಬೇರೆ ಉಪದೇಶಿ ನೋಡ್ಕೋತೀನಿ."

ಇನ್ನಾಸಪ್ಪ ಗಡಬಡಿಸಿ ಹೊರಟ. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಜಪ ಹೇಳಿಸುವುದು ಬಿಟ್ಟರೆ ಅವನಿಗೆ ಊರಲ್ಲಿ ಬೇರೆ ಮರ್ಯಾದೆಯೇ ಇರಲಿಲ್ಲ. ಆ ಲತೀನಿನ ಮುಂದಾಳೋ, ಅವನ ಹೆತ್ತ ತಾಯಿ ಚೌರಮ್ಮ.

ಮನೆಮನೆ ಹತ್ತಿಳಿದ. ರಾಗಿ ಕೇರುತ್ತಿದ್ದ ಕುಳ್ಳಮ್ಮ, "ಅಷ್ಟುದ್ದ ಯೋಳೋ ವೊತ್ಗೆ ಮಾತೆ ಮುಂದ್ಲೂರಿಗೆ ವೋಗಿರ್ತಾಳೆ ಕಣ್ಲಾ" ಅಂದಳು. ಹಾಲು ಹಾಕುವ ಮರಿಸ್ವಾಮಿ ಕ್ರೈಸ್ತರ ಗುಡಿಯವನಲ್ಲದಿದ್ದರೂ ನಡುವೆ ಬಾಯಿ ಹಾಕಿದ: "ನಮ್ಮೆಮ್ಮೆ ಗಬ್ಬ ಆಗಿದ್ದೇ ಆ ಮಂತ್ರುಕ್ಕೆ. ಬದ್ಲಾಯಿಸ್ಬುಟ್ಟೀಯಾ ಜ್ವಾಕೆ!" ಅಂತೂ ಮಧ್ಯಾಹ್ನದೊಳಗೆ ಕೇರಿಯ ಹೆಂಗಸರೆಲ್ಲ ಹೊಸ ಪಾಠವನ್ನು ಮಗ್ಗಿಯಂತೆ ಉರು ಹೊಡೆದರು. ಉಳಿದವಳು ಚೌರಮ್ಮ.

"ನಿಮ್ಮಪ್ಪ ಇದ್ದಾಗ್ಲಿಂದ ಸಂಜೆ ದೀಪ ಅಚ್ಚಿ ಯೋಳ್ಕೊಂಡ್ ಬಂದದ್ದು ಕಣಪ್ಪ. ಬ್ಯಾರೆ ನನ್ ಬಾಯಿಗ್ ಬರಾಕಿಲ್ಲ."

ಇನ್ನಾಸಪ್ಪನಿಗೆ ಆ ಸಂಜೆಗಳು ಕಣ್ಣಿಗೆ ಕಟ್ಟಿದವು. ಬುಡ್ಡಿದೀಪ, ಅರೆಗಣ್ಣು ಮುಚ್ಚಿದ ಅಪ್ಪ, ಅಮ್ಮನ ಸೆರಗಿನಡಿ ತೂಕಡಿಸುವ ತಾನು, ಜೋಗುಳದಂಥ ಆ ರಾಗ. ಆದರೆ ಕೆಲಸ ಉಳಿಯಬೇಕಲ್ಲ! ಸಂಜೆ ಗುಡಿಯ ಬಾಗಿಲಲ್ಲೇ ಅಮ್ಮನ ಬಾಯಿಗೊಂದು ದಪ್ಪನೆಯ ಪಾಕದುಂಡೆ ತುರುಕಿದ.

ಒಳಗೆ ಜಪ ಶುರುವಾಯಿತು. "ಬೆಳಗಿನ ನಕ್ಷತ್ರವೇ" ಎಂದು ಮಾತೆಯನ್ನು ಕರೆದ ಇನ್ನಾಸಪ್ಪ. "ನಮಗಾಗಿ ಪ್ರಾರ್ಥಿಸಿರಿ" ಎಂದರು ಹೆಂಗಸರು. ಹೊಸ ಸ್ವಾಮಿಗಳು ಮುಗುಳ್ನಕ್ಕರು. "ರೋಗಿಗಳ ಆರೋಗ್ಯವೇ" ಎನ್ನುವಷ್ಟರಲ್ಲಿ ಉಂಡೆ ಕರಗಿತ್ತು. "ಓರಪೊರೆನೋಬಿಸು" ಎಂದು ಚೌರಮ್ಮನ ದನಿ ಸೂರಿಗೆ ಬಡಿಯಿತು. ಹೆಂಗಸರೆಲ್ಲ ಹಳೇ ಅಭ್ಯಾಸದಂತೆ ಅವಳ ದನಿಯ ಹಿಂದೆಯೇ ಹೋದರು.

ಹಿರಿಯ ಗುರುಗಳು ಕೈಯೆತ್ತಿ ನಿಲ್ಲಿಸಿದರು. "ಏನಂದ್ರಿ ತಾಯಿ? ನಿಧಾನವಾಗಿ ಇನ್ನೊಂದ್ಸಲ ಹೇಳಿ."

"ಊರ ಪೊರೆ, ನೋವ ಬಿಡ್ಸು ಅಂದೆ ಬುದ್ದಿ. ಮದ್ವೆ ಆಗಿ ಬಂದಾಗ್ಲಿಂದ ಅದ್ನೇ ಅನ್ನೋದು. ಲತೀನು ಗಿತೀನು ನಂಗೆಲ್ ಬಂದಾತು?"

ಗುರುಗಳ ಕಣ್ಣು ಒದ್ದೆಯಾಯಿತು. "ಇಷ್ಟು ಚೆಂದದ ಕನ್ನಡ ನಮ್ಮ ಪುಸ್ತಕದಲ್ಲೂ ಇಲ್ಲ. ಇನ್ಮೇಲೆ ಎಲ್ರೂ ಇದನ್ನೇ ಹೇಳಿ. ನೀವೇ ಮುಂದೆ ನಿಂತು ಹೇಳಿಸಿ ತಾಯಿ" ಎಂದರು.

ಚೌರಮ್ಮ ಹೋಗಿ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಇನ್ನಾಸಪ್ಪ ಗಂಡಸರ ಕೊನೆಯ ಸಾಲಿಗೆ ಸರಿದ. ಹೆಮ್ಮೆಯೂ ಆಯಿತು, ಅಳುವೂ ಬಂತು. ಜಪ ಮುಂದುವರಿಯಿತು. ಇಡೀ ಗುಡಿ "ಊರ ಪೊರೆ" ಎನ್ನುವಾಗ, ಬೆಳಗಿನಿಂದ ಹೇಳಿ ಹೇಳಿ ನಾಲಗೆಗೆ ಅಂಟಿದ್ದ "ನಮಗಾಗಿ ಪ್ರಾರ್ಥಿಸಿರಿ" ಅವನೊಬ್ಬನ ಬಾಯಿಂದ ಗಟ್ಟಿಯಾಗಿ ಬಂದುಬಿಟ್ಟಿತು.

ಚೌರಮ್ಮ ಜಪ ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾವನ್ಲಾ ಅವ್ನು, ಕನ್ನಡ ಬರ್ದೇ ಇರೋನು?"