ಮೂವತ್ತೆಂಟು ಮೆಟ್ಟಿಲಿನ ಚಹಾ

“ಈ ಭಾನುವಾರ ಈ ಮನೆಯಲ್ಲಿ ಒಂದು ಚಮಚ ಕೂಡ ನನ್ನ ಕೈಯಿಂದ ಅಲುಗೋದಿಲ್ಲ!” ಎಂದು ನಮ್ಮ ನಾಯಕಿ ಶನಿವಾರವೇ ಘೋಷಿಸಿದಳು.

“ಯಾಕೆ, ಮೈಗೆ ಹುಷಾರಿಲ್ವಾ?” ಎಂದ ಗಂಡ. ಹೆಂಗಸು ಕೆಲಸ ಬಿಡುವುದಕ್ಕೆ ಅವನಿಗೆ ಗೊತ್ತಿದ್ದ ಕಾರಣ ಅದೊಂದೇ. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದ ಅತ್ತೆ ಮಾತ್ರ ಹುರುಳಿಕಾಯಿ ಸೋಸುತ್ತಿದ್ದರು.

ವಿಷಯ ಇಷ್ಟು. ಹನ್ನೊಂದನೇ ವಯಸ್ಸಿನಿಂದ ಅವಳ ಆರಾಧ್ಯದೈವ ಕತೆಯೊಳಗಿನ ಒಬ್ಬ ಪತ್ತೇದಾರಮ್ಮ. ಕನ್ನಡಕ್ಕೆ ಬಂದಿದ್ದ ಹದಿನಾಲ್ಕು ಪುಸ್ತಕಗಳನ್ನೂ ಲೈಬ್ರರಿಯಿಂದ ತಂದು, ರಟ್ಟು ಕಿತ್ತುಬರುವಷ್ಟು ಸಲ ಓದಿದ್ದಳು. ಪತ್ತೇದಾರಮ್ಮ ಮಹಡಿಯ ಕುರ್ಚಿ ಬಿಟ್ಟು ಏಳುವವಳಲ್ಲ. ರಹಸ್ಯದ ಗಂಟು ಬಿಗಿಯಾದಾಗಲೆಲ್ಲ ಒಂದೇ ಸಾಲು: ‘ಅಷ್ಟರಲ್ಲಿ ಬಿಸಿಬಿಸಿ ಚಹಾ ಬಂತು.’ ಒಂದು ಗುಟುಕು ಹೀರಿದಳೋ, ಕೊಲೆಗಾರ ಸಿಕ್ಕಿಬಿದ್ದ!

ಪರದೇಶಕ್ಕೆ ಬಂದು ಎಂಟು ತಿಂಗಳು. ವಾರಕ್ಕೊಮ್ಮೆ ಕೊಳೆಬಟ್ಟೆಯ ಗಂಟು ಹೊತ್ತು ವಾಷಿಂಗ್ ಮೆಷಿನ್ನಿನ ಅಂಗಡಿಗೆ ಹೋಗುವುದು ಅವಳ ಪಾಲಿನ ವಾಯುವಿಹಾರ. ಮೊನ್ನೆ ಗಂಟು ಸಡಿಲಾಗಿ ಗಂಡನ ಕಾಲುಚೀಲವೊಂದು ರಸ್ತೆಗೆ ಬಿತ್ತು. ಬಗ್ಗಿ ಎದ್ದವಳು ಹಾಗೇ ನಿಂತಳು. ಮೂಲೆಮನೆ, ಹಸಿರು ಬಾಗಿಲು, ಮೇಲಿನ ಕಿಟಕಿಯಲ್ಲಿ ಒಂದೇ ಒಂದು ಕೆಂಪು ಗಾಜು. ಪತ್ತೇದಾರಮ್ಮನ ಮನೆ! ಕತೆ ಬರೆದಾಕೆ ತನ್ನ ಸ್ವಂತ ಮನೆಯನ್ನೇ ಕತೆಯೊಳಗೆ ಇಟ್ಟಿದ್ದಳೆಂದೂ, ಭಾನುವಾರ ಜನ ನೋಡಬಹುದೆಂದೂ, ಈ ಭಾನುವಾರ ಕಳೆದರೆ ದುರಸ್ತಿಗೆಂದು ಎರಡು ವರ್ಷ ಮುಚ್ಚುತ್ತದೆಂದೂ ಬೋರ್ಡು ಹೇಳಿತು.

“ಮೂವತ್ತು ಸಲ ಅದರ ಮುಂದೆ ಹೋಗಿದ್ದೀನಿ ರೀ! ತಲೆ ಎತ್ತಿದ್ದರೆ ತಾನೆ ಕಾಣೋದು!”

ಮರುದಿನ ಅತ್ತೆ ತುಂಬಿಕೊಟ್ಟ ಫ್ಲಾಸ್ಕನ್ನು ಹೆಗಲಿಗೇರಿಸಿ, ಗಂಡನನ್ನು ಎಳೆದುಕೊಂಡು, ದಂಡಯಾತ್ರೆ ಹೊರಟೇಬಿಟ್ಟಳು.

ಬೀಗದಕೈ ಗೊಂಚಲಿನ ಕಾವಲು ಹೆಂಗಸು ಒಳಗೆ ಬಿಟ್ಟಳು. ದಾರಿ ಶುರುವಾಗುವುದೇ ನೆಲಮಾಳಿಗೆಯ ಅಡುಗೆಮನೆಯಿಂದ. ಮಸಿ ಹಿಡಿದ ಚಾವಣಿ, ಮೊಳದಗಲ ಕಿಟಕಿ, ಹಗ್ಗದ ಬೇಲಿಯಾಚೆ ಟ್ರೇಯಲ್ಲಿ ಪಿಂಗಾಣಿ ಕೆಟಲ್ಲು. ಹದಿನಾಲ್ಕು ಪುಸ್ತಕಗಳಲ್ಲಿ ಈ ಕೋಣೆಯ ಮಾತೇ ಇಲ್ಲ! ಅವಳು ಮೇಲಕ್ಕೆ ಕತ್ತೆತ್ತಿ ಮೆಟ್ಟಿಲು ಎಣಿಸಿದಳು. ಮೂವತ್ತೆಂಟು.

“ರೀ, ಇಲ್ಲಿಂದ ಅಲ್ಲಿಗೆ ಹೋಗೋಷ್ಟರಲ್ಲಿ ಚಹಾ ಬಿಸಿಬಿಸಿ ಇರೋಕೆ ಸಾಧ್ಯವೇ ಇಲ್ಲ.”

“ಅದು ಕತೆ ಕಣೇ.”

“ಕತೆಯಾದರೇನು? ಚಹಾ ಚಹಾನೇ!”

ಪತ್ತೇದಾರಿಕೆ ಮೈಮೇಲೆ ಬಂತು. ಹಗ್ಗದಡಿ ನುಸುಳಿ, ಫ್ಲಾಸ್ಕಿನ ಚಹಾವನ್ನು ಕೆಟಲ್ಲಿಗೆ ಸುರಿದು, ಟ್ರೇ ಎತ್ತಿಕೊಂಡು ಮೆಟ್ಟಿಲೇರಿದಳು. ಹದಿನೇಳರವರೆಗೆ ಸಂಶೋಧನೆ ಸುಸೂತ್ರ. ಹದಿನೆಂಟರಲ್ಲಿ, ಎಂದೋ ಒಡೆದು ಅಂಟಿಸಿದ್ದ ಕೆಟಲ್ಲಿನ ತಳ ಬಿಸಿಗೆ ಬಿಟ್ಟುಕೊಂಡಿತು! ಚಹಾ ಮೆಟ್ಟಿಲಿಳಿದ ವೇಗಕ್ಕೆ ಹಿಂದೆ ಬರುತ್ತಿದ್ದ ಗಂಡನ ಷೂ ತೊಯ್ದುಹೋಯಿತು. ನೆಲದ ಮೇಲೆ ಚೆಲ್ಲಿದ್ದನ್ನು ಕಂಡರೆ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಗೋಡೆಯ ಗೂಟದಲ್ಲಿದ್ದ ಬಟ್ಟೆ ಎಳೆದು, ಕೂತು, ಒರೆಸಿ, ಹಿಂಡಿದಳು. ಹಿಂಡುವಾಗ ಚೀಟಿ ಕಂಡಿತು: ‘ಲೇಖಕಿಯ ಶಾಲು. ದಯವಿಟ್ಟು ಮುಟ್ಟಬೇಡಿ.’

ಕಾವಲು ಹೆಂಗಸು ಓಡಿಬಂದಳು. ಗಂಡ, ಹೆಂಡತಿ ತನಗೆ ಯಾರೋ ಏನೋ ಎಂಬಂತೆ, ಗೋಡೆಯ ಚಿತ್ರವೊಂದನ್ನು ನೋಡತೊಡಗಿದ.

“ನೀವಿನ್ನು ಹೊರಡಿ!”

ಇನ್ನು ಇಪ್ಪತ್ತೇ ಮೆಟ್ಟಿಲು! ನಾಯಕಿಯ ಕಣ್ಣು ತುಂಬಿತು. “ಮೇಲಿನ ಕೋಣೆಗೋಸ್ಕರ ಇಪ್ಪತ್ತೈದು ವರ್ಷ ಕಾದಿದ್ದೀನಿ. ಈ ಚಹಾ ಹೊತ್ತು ತರ್ತಿದ್ದವರು ಯಾರು ಅಂತ ತಿಳ್ಕೋಬೇಕು ಅನ್ನಿಸ್ತು, ಅಷ್ಟೇ.”

ಬೀಗದಕೈಗಳ ಸದ್ದು ನಿಂತಿತು. “ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ. ಕತೆಯ ಕೊಲೆಗಾರನ ವಿಷಯ ಎಲ್ಲರೂ ಕೇಳ್ತಾರೆ. ಇದನ್ನ ಯಾರೂ ಕೇಳಿಲ್ಲ.” ಆಮೇಲೆ ಮೆಲ್ಲಗೆ, “ನಮ್ಮಜ್ಜಿ. ದಿನಕ್ಕೆ ಒಂಬತ್ತು ಸಲ. ಆ ಶಾಲೂ ಅವಳದೇ. ಚೀಟಿ ಬರೆದವರು ನನ್ನ ಮಾತು ಕೇಳಲಿಲ್ಲ. ಚಿಂತೆ ಬೇಡ, ಮೆಟ್ಟಿಲು ಒರೆಸಿ ಅದಕ್ಕೆ ಅಭ್ಯಾಸವಿದೆ.”

ಮೂಲೆಯ ನೆಲ ಒರೆಸುವ ಕೋಲನ್ನು ಗಂಡನ ಕೈಗಿಟ್ಟಳು. “ನೀವು ಒರೆಸಿ. ಮಗಳೇ, ನೀನು ಮೇಲೆ ಹೋಗಿ ಬಾ.”

ಮೇಲೆ ಆ ಕುರ್ಚಿ. ಕೆಂಪು ಗಾಜಿನ ಬಿಸಿಲು ನೆಲದ ಮೇಲೆ, ಪುಸ್ತಕದಲ್ಲಿ ಇದ್ದಲ್ಲೇ. ನಾಯಕಿ ಕೈಮುಗಿದಳು. ಕುರ್ಚಿಗೊಮ್ಮೆ, ಬಾಗಿಲ ಬಳಿ ಟ್ರೇ ಇಡುವ ಸಣ್ಣ ಮೇಜಿಗೊಮ್ಮೆ.

ಸಂಜೆ ಮನೆಯ ಸೋಫಾದ ಮೇಲೆ ಅವಳ ಭಾಷಣ ಮುಕ್ಕಾಲು ಗಂಟೆ ನಡೆಯಿತು. “ಹದಿನಾಲ್ಕು ಪುಸ್ತಕ ಅತ್ತೆ! ಒಂದರಲ್ಲೂ ಆ ತಾಯಿಯ ಸುಳಿವಿಲ್ಲ. ಚಹಾ ಬಂತಂತೆ! ಚಹಾಕ್ಕೇನು ಕಾಲಿದೆಯಾ?” ಕೈಗೆ ಸಿಕ್ಕ ಲೋಟ ಎತ್ತಿ ಗುಟುಕರಿಸಿದಳು, ಗಂಟಲು ಸರಿಮಾಡಿಕೊಂಡಳು. “ಕುಡಿಯೋರಿಗೆ ‘ತಂದವರು ಯಾರು’ ಅಂತ ಒಂದು ಸಲ ತಲೆ ಎತ್ತಿ ನೋಡೋಷ್ಟೂ ಬುದ್ಧಿ ಬೇಡವಾ?”

“ಬೇಕಮ್ಮ, ಬೇಕು,” ಎಂದರು ಅತ್ತೆ, ಖಾಲಿ ಲೋಟ ಎತ್ತಿಕೊಳ್ಳುತ್ತ. “ಇದು ಎರಡನೇದು. ಬಿಸಿ ಇತ್ತಾ?”