ಹೊಸ ಕಾರೂ ನನ್ನಾಕೆಯ ಎಡಮಂಡಿಯೂ

ನಮ್ಮ ಮನೆಗೆ ಬರುವ ಯಾವ ವಸ್ತುವೂ ಸುಮ್ಮನೆ ಬಂದದ್ದಿಲ್ಲ. ಫ್ರಿಜ್ ಬಂದಾಗ ಅಡುಗೆಮನೆಯ ಬಾಗಿಲನ್ನೇ ಕೀಳಿಸಬೇಕಾಯಿತು. ವಾಷಿಂಗ್ ಮಷೀನ್ ಬಂದಾಗ ಕೆಳಗಿನ ಮನೆಯವರ ಜೊತೆ ಮಾತುಕತೆ ನಿಂತುಹೋಯಿತು. ಹೀಗಿರುವಾಗ ಕಾರೊಂದು ಮಾತ್ರ ನೆಟ್ಟಗೆ ಬಂದೀತು ಎಂದು ನಂಬಿಕೊಂಡೆನಲ್ಲ, ಅದು ನನ್ನ ಭೋಳೇತನ.

ಹೊಸ ಕಾರಿನ ಆಸೆ ನನಗೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ನೆಪ ಒದಗಿಸಿದ್ದು ಸರ್ಕಾರ. ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ನೌಕರನಿಗೆ ಅರವತ್ತಕ್ಕೆ ನಿವೃತ್ತಿ, ಪೆಟ್ರೋಲ್ ಕಾರಿಗೆ ಹದಿನೈದಕ್ಕೆ. ನನ್ನದು ಮೊದಲೇ ಮುಗಿದಿತ್ತು, ಈಗ ನಮ್ಮ ಹಳೆಯ ಸೆಡಾನಿನ ಸರದಿ. ಇಬ್ಬರಿಗೂ ಎಕ್ಸ್‌ಟೆನ್ಶನ್ ಸಿಗಲಿಲ್ಲ.

ಹೋದದ್ದರ ಜಾಗಕ್ಕೆ ಅದರದೇ ಹೊಸ ಮಾದರಿ ತರೋಣ, ಉದ್ದನೆಯ ಬಾನೆಟ್ಟು, ದೊಡ್ಡ ಡಿಕ್ಕಿ ಇರುವ ಮರ್ಯಾದಸ್ಥ ಕಾರು ಎಂದು ನಾನು. ದ್ವಾರಕಾದ ನಮ್ಮ ಸೊಸೈಟಿಯವರೆಲ್ಲ ಲಾರಿಯ ತಮ್ಮನಂಥ ಎತ್ತರದ ಗಾಡಿಗಳನ್ನು ತಂದು ನಿಲ್ಲಿಸಿಕೊಂಡಿದ್ದಾರಲ್ಲ, ಅಂಥದ್ದೇ ತರೋಣ ಎಂದು ನನ್ನಾಕೆ. ಅವಳಿಗೆ ಎಡಮಂಡಿ ನೋವು. ಜನಕಪುರಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲ ಆ ಹಳೆಯ ಕಾರನ್ನು ಅವಳೇ ಓಡಿಸಿಕೊಂಡು ಹೋಗುತ್ತಿದ್ದಳು. ದಿಲ್ಲಿಯ ಜಾಮಿನಲ್ಲಿ ಕ್ಲಚ್ ತುಳಿದೂ ತುಳಿದೂ ಮಂಡಿ ಹೋಯಿತು ಎಂಬುದು ಅವಳ ವಾದ. ಡಾಕ್ಟರು ವಯಸ್ಸು ಕಾರಣ ಎಂದರು. ಅವಳು ಡಾಕ್ಟರನ್ನೇ ಬದಲಾಯಿಸಿದಳು.

ಹೆಸರು ಅದೇ, ಮುಖ ಬೇರೆ

ಶೋರೂಮಿಗೆ ಹೋದೆವು. ನಮ್ಮ ಕಾರಿನ ಹೊಸ ಮಾದರಿ ಎಲ್ಲಿಯೂ ಕಾಣಲಿಲ್ಲ. ಒಂದು ಸುತ್ತು ಹಾಕಿದೆ, ಎರಡು ಸುತ್ತು ಹಾಕಿದೆ, ಸುಸ್ತಾಗಿ ಒಂದು ಗಾಡಿಗೆ ಒರಗಿಕೊಂಡು ಸೇಲ್ಸಿನ ಯುವಕನನ್ನು ಕರೆದು, ಸ್ಟಾಕ್ ಬಂದಿಲ್ಲವೇನಪ್ಪ ಎಂದು ಕೇಳಿದೆ. "ಅಂಕಲ್‌ಜಿ, ನೀವು ಒರಗಿಕೊಂಡಿದ್ದೀರಲ್ಲ, ಅದೇ" ಎಂದ.

ತಿರುಗಿ ನೋಡಿದೆ. ಹಳೆಯ ಕಾರಿಗೆ ಎರಡು ಕಣ್ಣು, ಒಂದು ಬಾಯಿ ಇದ್ದವು. ಇದಕ್ಕೆ ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ಬೆಳಕಿನ ಗೆರೆ. ಕಣ್ಣೆಲ್ಲಿ, ಹುಬ್ಬೆಲ್ಲಿ ತಿಳಿಯದು. ಒಳಗೆ ಕೂತೆ. ಹ್ಯಾಂಡ್‌ಬ್ರೇಕ್ ಎಲ್ಲಿ ಎಂದರೆ ಒಂದು ಗುಂಡಿ ತೋರಿಸಿದ. ಕೀ ಎಲ್ಲಿ ಹಾಕಬೇಕು ಎಂದರೆ ಹಾಕಬೇಡಿ, ಜೇಬಿನಲ್ಲಿದ್ದರೆ ಸಾಕು ಎಂದ. ಎಸಿಯ ಗುಂಡಿ ಎಲ್ಲಿ ಎಂದಾಗ ಟಿವಿಯಂಥ ಪರದೆಯೊಳಗೆ ಬೆರಳಾಡಿಸಿ ಹುಡುಕಿ, ಅವನಿಗೂ ಸಿಗದೆ, ಇನ್ನೊಬ್ಬನನ್ನು ಕರೆದ. ನನಗಂತೂ ಪರಮಾನಂದ. ಏನೂ ಅರ್ಥವಾಗಲಿಲ್ಲ, ಎಲ್ಲವೂ ಇಷ್ಟವಾಯಿತು.

ಆಟೋಮ್ಯಾಟಿಕ್ ಕಣೇ, ಬಾ ನೋಡು ಎಂದು ಕೂಗಿದೆ. ನನ್ನಾಕೆ ಸೋಫಾದಿಂದ ಎದ್ದು ಬಂದು ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಹೊಸ ವಿನ್ಯಾಸದಲ್ಲಿ ಅದನ್ನು ಅಷ್ಟು ತಗ್ಗಿಸಿದ್ದರು. ಹಿಂದಿನ ಬಾಗಿಲಿನಿಂದ ಹತ್ತಲು ಹೋಗಿ, ಹಿಂದಕ್ಕೆ ಇಳಿಜಾರಾದ ಸೂರಿಗೆ ತಲೆ ಹೊಡೆಸಿಕೊಂಡಳು. ಮುಂದೆ ಎಡಗಡೆ ಕೂತಳು. ಅಲ್ಲಿಂದ ಏಳಲು ಒಂದು ಕೈ ನಾನು, ಇನ್ನೊಂದು ಕೈ ಶೋರೂಮಿನ ಹುಡುಗಿ ಹಿಡಿಯಬೇಕಾಯಿತು. ಯುವಕ ಕೂಡಲೇ, "ಆಂಟಿಜಿಗೆ ಎಸ್‌ಯುವಿ ತೋರಿಸಲಾ?" ಎಂದ. ಅವನನ್ನು ನೀರು ತರಲು ಕಳಿಸಿದೆ.

ಕೊನೆಗೆ ಅವಳು ಒಪ್ಪಿದ್ದು ಒಂದು ಷರತ್ತಿನ ಮೇಲೆ. ದೀಪಾವಳಿಯೊಳಗೆ ತಾನು ಯಾರ ಕೈಯನ್ನೂ ಹಿಡಿಯದೆ ಈ ಕಾರು ಹತ್ತಿ ಇಳಿಯುವಂತಾಗಬೇಕು. ಆಗದಿದ್ದರೆ ಇದನ್ನು ಮಾರಿ ಎತ್ತರದ್ದು ತರಬೇಕು. ಆಯಿತು ಎಂದೆ. ಆಗ ಕೇಳಿದಳು:

"ಖಾಲಿ ನಿಂತಿರುವಾಗಲೇ ಇಷ್ಟು ತಗ್ಗಿದೆ, ನೀವು ಕೂತ ಮೇಲೆ ಇನ್ನೆಷ್ಟು ತಗ್ಗುತ್ತೆ, ಅದನ್ನ ಕೇಳಿದ್ರಾ?"

ನೋಯ್ಡಾದ ಅನುಭವಸ್ಥ

ಬುಕ್ ಮಾಡುವ ಮೊದಲು ಆ ಕಾರು ಇಟ್ಟುಕೊಂಡವರನ್ನು ಒಂದು ಮಾತು ಕೇಳಬೇಕು ಎನಿಸಿತು. ಸಚಿವಾಲಯದಲ್ಲಿ ಇದ್ದಷ್ಟು ದಿನವೂ ಇನ್ನೊಬ್ಬರ ಅಭಿಪ್ರಾಯ ಕೇಳದೆ ನಾನು ಒಂದು ಫೈಲೂ ಮುಂದೆ ತಳ್ಳಿದವನಲ್ಲ. ವಿಚಾರಿಸಿದಾಗ ನೋಯ್ಡಾದಲ್ಲಿ ಒಬ್ಬ ಧಾರವಾಡದ ಹುಡುಗ ಸಿಕ್ಕ. ಐಟಿ ಕಂಪನಿಯವನು, ಅದೇ ಕಾರು, ಅದೇ ಬಣ್ಣ. ಮೆಟ್ರೋ ಹಿಡಿದು ಹೋದೆ.

ಪಾಪ, ಚಹಾ ಕೊಟ್ಟು ವಿವರವಾಗಿ ಹೇಳಿದ. ಎಂಜಿನ್ ಬೆಣ್ಣೆ. ಸೀಟು ಹಾಸಿಗೆ. ಒಂದು ಕಿರ್ ಇಲ್ಲ, ಒಂದು ಗುರ್ ಇಲ್ಲ. ಮೈಮೇಲೆ ಒಂದು ಗೀರು ಬಿದ್ದಿಲ್ಲ. ಸರ್ವಿಸ್ ಖರ್ಚು ಏನೇನೂ ಇಲ್ಲ. ಪೆಟ್ರೋಲ್ ಬಗ್ಗೆ ಕೇಳಿದೆ. "ನೀವು ನಂಬೂದಿಲ್ರೀ ಅಂಕಲ್, ಒಮ್ಮೆ ಹಾಕಿಸಿದ್ದು ಇನ್ನೂ ಅದ" ಎಂದ. ನಾನು ಆನಂದದಿಂದ ಎರಡನೇ ಚಹಾಕ್ಕೂ ಒಪ್ಪಿದೆ. ಕೆಳಗಿಳಿದು ಕಾರು ತೋರಿಸಿದ. ಮೇಲೆ ಮದುವಣಗಿತ್ತಿಯ ಹಾಗೆ ಮುಸುಕು, ಮುಸುಕಿನ ಮೇಲೆ ಧೂಳು.

ಹೊರಡುವಾಗ, ಇಲ್ಲಿಂದ ನಿನ್ನ ಆಫೀಸಿಗೆ ಈ ಕಾರಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದಪ್ಪ ಎಂದು ಕೇಳಿದೆ.

"ಕಾರಿನಾಗ ಗೊತ್ತಿಲ್ರೀ ಅಂಕಲ್. ನಾ ಮೆಟ್ರೋದಾಗ ಹೋಗ್ತೀನಿ. ಇದನ್ನ ಹೊರಗ ತೆಗದ್ರ ಯಾರರೆ ಗೀರ್ತಾರ."

ಕುರ್ಚಿಯ ವಿನಯ

ಕಾರು ಮನೆಗೆ ಬಂದ ದಿನ ಎಂಜಿನ್ ಆರಿಸಿ ಬಾಗಿಲು ತೆರೆದೆ. ಸೀಟು ನನ್ನನ್ನು ಹೊತ್ತುಕೊಂಡು ಮೆಲ್ಲನೆ ಹಿಂದಕ್ಕೆ ಹೊರಟಿತು. ಸೀಟಿನ ಬೋಲ್ಟು ಕಳಚಿತೆಂದು ಹೆದರಿ ಸ್ಟೀರಿಂಗ್ ಹಿಡಿದುಕೊಂಡೆ. ಕೂಡಲೇ ಶೋರೂಮಿನ ಯುವಕನಿಗೆ ಫೋನು ಮಾಡಿ, ಮೊದಲ ದಿನವೇ ಸೀಟು ಕೈಕೊಟ್ಟಿತು ಎಂದೆ.

ಅವನು ನಕ್ಕ. "ಅದು ದೋಷವಲ್ಲ ಅಂಕಲ್‌ಜಿ, ಗೌರವ. ನೀವು ಆರಾಮಾಗಿ ಇಳಿಯಲಿ ಅಂತ ಸೀಟು ತಾನಾಗಿ ಹಿಂದೆ ಸರಿಯುತ್ತೆ. ಮತ್ತೆ ಸ್ಟಾರ್ಟ್ ಮಾಡಿದಾಗ ಮುಂದೆ ಬರುತ್ತೆ. ಡ್ರೈವರ್ ಸೀಟಿಗೆ ಮಾತ್ರ."

ಸೇವೆಯಲ್ಲಿ ಇದ್ದಷ್ಟು ವರ್ಷ ನನಗಾಗಿ ಯಾರೂ ಕುರ್ಚಿ ಸರಿಸಿದವರಿಲ್ಲ. ಸರಿಸಿದ್ದು ನಿವೃತ್ತಿಯ ದಿನ, ಅದೂ ನನ್ನ ಕೆಳಗಿನಿಂದ.

ನಿಂಬೆಹಣ್ಣು

ಪೂಜೆಯಾಗದ ಗಾಡಿಯಲ್ಲಿ ಕೂರುವುದಿಲ್ಲ ಎಂದು ನನ್ನಾಕೆ ದೇವಸ್ಥಾನಕ್ಕೆ ಆಟೋದಲ್ಲಿ ಬಂದಳು. ಮುಂದೆ ನನ್ನ ಹೊಸ ಕಾರು, ಹಿಂದೆ ಅವಳ ಆಟೋ. ಸಿಗ್ನಲ್ಲುಗಳಲ್ಲಿ ನಾವಿಬ್ಬರೂ ಗುರುತೇ ಇಲ್ಲದವರ ಹಾಗೆ ನಿಂತೆವು.

ಭಟ್ಟರು ನಮ್ಮ ಕಡೆಯವರೇ, ಮಂಗಳೂರಿನವರು. ಕಾರಿಗೆ ಹಾರ, ಅರಿಸಿನ, ಕುಂಕುಮ ಎಲ್ಲ ಆಯಿತು. ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ಆಮೇಲೆ ಆರತಿ ತಟ್ಟೆ ಹಿಡಿದು ಎದುರಿಗೆ ನಿಂತು, ನಿಧಾನ ಮುಂದೆ ಬನ್ನಿ ಎಂದರು. ನಾನು ಬ್ರೇಕಿನಿಂದ ಕಾಲು ತೆಗೆದೆ. ಕಾರು ಕಿಟಾರನೆ ಕಿರುಚಿ, ಪರದೆಯ ತುಂಬ ಕೆಂಪು ತೋರಿಸಿ, ತಾನೇ ಬ್ರೇಕ್ ಹಾಕಿಕೊಂಡು ನಿಂತಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಕಿರುಚಿತು. ನಿಂಬೆಹಣ್ಣು ಇದ್ದಲ್ಲೇ ಇತ್ತು.

ನೆರೆದವರಲ್ಲಿ ಗುಸುಗುಸು ಶುರುವಾಯಿತು. ಗಾಡಿಗೆ ಪೂಜೆ ಹಿಡಿಸಲಿಲ್ಲ ಎಂದರು ಒಬ್ಬರು. ನನ್ನಾಕೆ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಎತ್ತರದ ಗಾಡಿ ಕಾಣಿಸಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ, ಇದು ಆಟೋಮ್ಯಾಟಿಕ್, ಎದುರಿಗೆ ಮನುಷ್ಯರಿದ್ದರೆ ತಾನೇ ನಿಲ್ಲುತ್ತದೆ, ದಯವಿಟ್ಟು ಪಕ್ಕಕ್ಕೆ ಬನ್ನಿ ಎಂದು ಭಟ್ಟರನ್ನು ಬೇಡಿಕೊಂಡೆ.

ಭಟ್ಟರು ಪಕ್ಕಕ್ಕೆ ಸರಿದರು. ನಿಂಬೆಹಣ್ಣು ಪಚಕ್ಕೆಂದಿತು. ಅವರು ಆರತಿ ತಟ್ಟೆ ಕೆಳಗಿಟ್ಟು ಆ ಕಾರಿಗೆ ತಾವೇ ಕೈಮುಗಿದರು.

"ಇಷ್ಟು ವರ್ಷ ದಿಲ್ಲಿಯಲ್ಲಿ ಇದ್ದೇನೆ ಮಾರಾಯ್ರೆ. ಎದುರಿಗೆ ಮನುಷ್ಯ ನಿಂತಿದ್ದಾನೆ ಅಂತ ತಾನಾಗಿ ನಿಂತ ಗಾಡಿ ನೋಡಿದ್ದು ಇದೇ ಮೊದಲು."

ಕರೋಲ್ ಬಾಗಿನ ದಿಂಬು

ದೀಪಾವಳಿ ಹತ್ತಿರ ಬರುತ್ತಿತ್ತು. ನನ್ನಾಕೆ ಎಡಗಡೆಯ ಸೀಟಿನಲ್ಲಿ ಕೂರುವುದನ್ನು ಕಲಿತಿದ್ದಳು, ಏಳುವುದನ್ನು ಕಲಿತಿರಲಿಲ್ಲ. ಹಾಲಿನ ಬೂತಿನ ಮುಂದೆ, ಬ್ಯಾಂಕಿನ ಮುಂದೆ, ಎಲ್ಲಿ ನಿಂತರೂ ನಾನು ಓಡಿಹೋಗಿ ಬಾಗಿಲು ತೆಗೆದು ಅವಳ ಕೈ ಹಿಡಿದು ಎಳೆಯಬೇಕು. ನೋಡಿದವರು, ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದುಕೊಂಡರು. ಅವಳು ಮಾತ್ರ ಪ್ರತಿ ಸಲವೂ, "ಹಿಡಿದ್ರಿ, ನೆನಪಿರಲಿ" ಎನ್ನುತ್ತಿದ್ದಳು.

ನಮ್ಮ ಮಗಳು ಗುರುಗ್ರಾಮದಿಂದ ಫೋನಿನಲ್ಲಿ, "ಅಪ್ಪಾ, ಜಿದ್ ಮತ್ ಕರೋ ನಾ, ಅಮ್ಮಂಗೆ ಕಷ್ಟ ಆಗ್ತಿದೆ" ಎಂದಳು. ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲಿ, ಬೈಯುವಾಗ ಅರ್ಧ ಹಿಂದಿ.

ಹಟ ಬಿಡುವ ಬದಲು ನಾನು ನನ್ನಾಕೆಯನ್ನು ಕರೆದುಕೊಂಡು ಕರೋಲ್ ಬಾಗಿಗೆ ಹೋದೆ. ಕಾರಿನ ಸಾಮಾನಿನ ಅಂಗಡಿಗಳ ಸಾಲು ಇರುವುದು ಅಲ್ಲಿ. ಒಬ್ಬ ಅಂಗಡಿಯವನಿಗೆ, ಭಯ್ಯಾ, ಸೀಟು ಎತ್ತರವಾಗಬೇಕು ಎಂದೆ. "ಅಚ್ಛಾ" ಎಂದು ಒಂದು ಗಟ್ಟಿ ದಿಂಬು ತಂದು ಎಡಗಡೆಯ ಸೀಟಿನ ಮೇಲೆ ಹಾಕಿದ. ನನ್ನಾಕೆ ಕೂತಳು, ಸಲೀಸಾಗಿ ಕಾಲು ಹೊರಗಿಟ್ಟಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಅವಳ ತಲೆ ಸೂರಿಗೆ ಒತ್ತಿಕೊಂಡು, ಕತ್ತು ಒಂದು ಕಡೆಗೆ ವಾಲಿ, ಯಾರದೋ ಮಾತು ಕದ್ದು ಕೇಳುವವಳ ಹಾಗೆ ಕಾಣುತ್ತಿದ್ದಳು.

ಅಂಗಡಿಯವನು ಒಳಗೆ ಬಗ್ಗಿ ನೋಡಿ, ಸೋಲೊಪ್ಪದೆ ಹೇಳಿದ. "ಚಿಂತೆ ಬೇಡ ಬಾಬೂಜಿ. ಸನ್‌ರೂಫ್ ಇದೆಯಲ್ಲ. ಆಂಟಿಜಿ ಕೂತಾಗ ತೆಗೆದುಬಿಡಿ."

ಎಡಗಾಲಿಗೆ ಕೆಲಸವಿಲ್ಲ

ಹಬ್ಬಕ್ಕೆ ಮುಂಚಿನ ಸಂಜೆ ಹಣತೆ, ಮಿಠಾಯಿ ತರಲು ಮಾರ್ಕೆಟ್ಟಿಗೆ ಹೊರಟೆವು. ಅದೇ ಕೊನೆಯ ಅವಕಾಶ ಎಂದು ಇಬ್ಬರಿಗೂ ಗೊತ್ತಿತ್ತು. ಕೆಳಗೆ ಬಂದರೆ ಪಕ್ಕದ ಮನೆಯವರು ತಮ್ಮ ಎತ್ತರದ ಗಾಡಿಯನ್ನು ನಮ್ಮ ಕಾರಿನ ಎಡಮಗ್ಗುಲಿಗೆ ಅಂಟಿಸಿ ನಿಲ್ಲಿಸಿದ್ದರು. ಎಡಗಡೆಯ ಬಾಗಿಲು ಒಂದು ಗೇಣೂ ತೆರೆಯುವಂತಿರಲಿಲ್ಲ. ಗೀರು ಬೀಳದಂತೆ ಕಾರನ್ನು ಹೊರಗೆ ತೆಗೆಯುವ ಧೈರ್ಯ ನನಗಿರಲಿಲ್ಲ. ಅವರನ್ನು ಕರೆಸಲು ನಾನು ಗೇಟಿನ ಗಾರ್ಡ್ ಹತ್ತಿರ ಹೋದೆ. ಮನೆಯಲ್ಲಿ ಯಾರೂ ಫೋನು ಎತ್ತಲಿಲ್ಲ. ಗಾರ್ಡ್ ಜೊತೆ ಸ್ವಲ್ಪ ವಾದ ಮಾಡಿ ವಾಪಸು ಬಂದೆ.

ಬಂದು ನೋಡುತ್ತೇನೆ, ನನ್ನಾಕೆ ಡ್ರೈವರ್ ಸೀಟಿನಲ್ಲಿ ಕೂತಿದ್ದಾಳೆ. ನಿಂತು ನಿಂತು ಕಾಲು ನೋವು ಬಂತಂತೆ, ಮುಂದೆ ತೆರೆಯುವ ಬಾಗಿಲು ಅದೊಂದೇ, ಎರಡನೇ ಕೀ ಅವಳ ಬ್ಯಾಗಿನಲ್ಲೇ ಇತ್ತು. ನಾನು ಕೈ ಕೊಡಲು ಓಡಿದೆ. ಬೇಡ ಎಂದು ಬೆರಳಾಡಿಸಿದಳು. ಬಾಗಿಲು ತೆರೆದಳು, ಎದ್ದು ನಿಂತಳು. ಮತ್ತೆ ಕೂತಳು, ಗುಂಡಿ ಒತ್ತಿದಳು, ಸೀಟು ಅವಳನ್ನು ಹೊತ್ತು ಮುಂದೆ ಹೋಯಿತು. ಆರಿಸಿದಳು, ಬಾಗಿಲು ತೆರೆದಳು, ಸೀಟು ಹಿಂದೆ ಬಂತು, ಎದ್ದು ನಿಂತಳು. ಯಾರ ಕೈಯನ್ನೂ ಹಿಡಿಯಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

"ಎಡಗಡೆಯಿಂದ ಹತ್ತಿದ್ರೆ ಮೈಭಾರ ಎಲ್ಲಾ ಎಡಮಂಡಿ ಮೇಲೆ ಬೀಳುತ್ತೆ. ಈ ಕಡೆಯಿಂದ ಬಲಗಾಲು ಹೊರುತ್ತೆ. ಅಷ್ಟೇ" ಎಂದಳು. ಆಮೇಲೆ ಬಗ್ಗಿ ಕಾಲಬುಡ ನೋಡಿದಳು. "ರೀ, ಕ್ಲಚ್ ಎಲ್ಲಿ?"

"ಇಲ್ಲ."

"ಹಾಗಾದ್ರೆ ಎಡಗಾಲಿಗೆ ಏನು ಕೆಲಸ?"

"ಏನೂ ಇಲ್ಲ. ಸುಮ್ಮನೆ ಇಟ್ಟುಕೊಳ್ಳೋದು."

ಮತ್ತೆ ಒಳಗೆ ಕೂತು ಎಡಗಾಲು ಆಡಿಸಿ ನೋಡಿದಳು. "ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಕಣೇ. ಶೋರೂಮಿನಲ್ಲಿ ಹೇಳಿದ್ದೆ, ಭಟ್ಟರ ಮುಂದೆ ಹೇಳಿದ್ದೆ. ಆಟೋಮ್ಯಾಟಿಕ್ ಅಂತ."

"ಆಟೋಮ್ಯಾಟಿಕ್ ಅಂದ್ರಿ. ಎಡಗಾಲಿಗೆ ಕೆಲಸ ಇಲ್ಲ ಅಂತ ಎಲ್ಲಿ ಹೇಳಿದ್ರಿ?"

ಲೈಸೆನ್ಸ್ ಅವಳ ಹತ್ತಿರ ಇತ್ತು, ಅವಧಿ ಮುಗಿಯದಂತೆ ಜತನವಾಗಿ ಕಾಪಾಡಿಕೊಂಡಿದ್ದಳು. ಸೀಟು ಸರಿಪಡಿಸಿಕೊಂಡು, ಕನ್ನಡಿ ತಿರುಗಿಸಿಕೊಂಡು, ಕಾರನ್ನು ಆ ಇಕ್ಕಟ್ಟಿನಿಂದ ನೂಲು ಎಳೆದಂತೆ ಹೊರಗೆ ತಂದಳು. ಎಡಗಡೆಯ ಬಾಗಿಲು ತೆರೆದುಕೊಂಡಿತು. ನಾನು ಒಳಗೆ ಜಾರಿದೆ.

ಮಾರ್ಕೆಟ್ಟಿನವರೆಗೂ ಕಾರು ಒಂದು ಸಲವೂ ಕಿರುಚಲಿಲ್ಲ. ನನ್ನ ಕೈಯಲ್ಲಿ ಹೆಜ್ಜೆಗೊಮ್ಮೆ ಬೈಯುತ್ತಿದ್ದ ಕಾರು ಅದು. ಅವಳ ಕೈಗೆ ಬಂದ ಮೇಲೆ ತುಟಿಪಿಟಕ್ಕೆನ್ನಲಿಲ್ಲ, ನಮ್ಮ ಮನೆಯಲ್ಲಿ ಹೇಗಿರಬೇಕು ಎಂದು ನನಗಿಂತ ಬೇಗ ಅದಕ್ಕೆ ತಿಳಿಯಿತು. ನನಗೋ ಹೇಳತೀರದ ಸಂತೋಷ. ಕಾರು ಉಳಿಯಿತು, ಷರತ್ತು ತೀರಿತು, ದೀಪಾವಳಿ ನಾಳೆ.

ಮಿಠಾಯಿ ಅಂಗಡಿಯ ಮುಂದೆ ನಿಲ್ಲಿಸಿದಳು. ಸೀಟು ವಿನಯದಿಂದ ಹಿಂದೆ ಸರಿಯಿತು, ಅವಳು ರಾಣಿಯ ಹಾಗೆ ಇಳಿದಳು. ನಾನು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. ಅಲ್ಲಿಗೆ ನಿಂತುಹೋಯಿತು. ಕಾರು ಕೊಂಡಾಗಿನಿಂದ ಎಡಗಡೆ ನಾನು ಒಂದು ದಿನವೂ ಕೂತವನಲ್ಲ. ಹೊಟ್ಟೆ ಒಳಗಿತ್ತು, ಕಾಲು ಹೊರಗಿತ್ತು, ರಸ್ತೆ ಕೈಗೆ ಎಟುಕುವಷ್ಟು ಹತ್ತಿರವಿತ್ತು, ಆದರೆ ಏಳಲು ಏನೂ ಸಿಗಲಿಲ್ಲ. ಬಾಗಿಲು ಹಿಡಿದರೆ ಅದು ನನ್ನ ಮೇಲೆಯೇ ಮುಚ್ಚಿಕೊಳ್ಳಲು ಬಂತು.

ಅವಳು ಕಾರನ್ನು ಸುತ್ತಿ ಬಂದು ಎದುರಿಗೆ ನಿಂತಳು. ನನ್ನ ಅವಸ್ಥೆಯನ್ನು ಸಾವಕಾಶವಾಗಿ ನೋಡಿ ಕೈ ಚಾಚಿದಳು. ಯಾರ ಕೈಯನ್ನೂ ಹಿಡಿಯಬಾರದು ಎಂದಲ್ಲವೇ ಷರತ್ತು, ಎಂದೆ.

"ಅದು ನನಗಿದ್ದದ್ದು ರೀ, ನಿಮಗಲ್ಲ" ಎಂದು ನನ್ನನ್ನು ಎಳೆದು ನಿಲ್ಲಿಸಿದಳು. ಬಾಗಿಲು ಮುಚ್ಚಿ, ಕೀ ತನ್ನ ಬ್ಯಾಗಿಗೆ ಹಾಕಿಕೊಂಡು ಕೇಳಿದಳು:

"ತುಂಬಾ ಕಷ್ಟ ಆಗುತ್ತೆ ಅನ್ನೋದಾದ್ರೆ ಹೇಳಿ. ನಿಮಗೋಸ್ಕರ ಎತ್ತರದ್ದೇ ಒಂದು ನೋಡೋಣ."